ಆರೋಪಿಯ ಪರ ನಿಲ್ಲುವುದು ದುರ್ನಡತೆಯಲ್ಲ. ದುರ್ನಡತೆ ಇರುವುದು ಬೇರೆ ಕಡೆ

ಮಾನ್ಯ ಸಂಪಾದಕರೇ,

ಯಾವುದಾದರೂ ಘೋರ ಅಪರಾಧ ಸುದ್ದಿಯಾದ ವಾರದೊಳಗೆ ಓದುಗರ ಅಂಕಣಕ್ಕೆ ಒಂದು ಬಗೆಯ ಪತ್ರ ತಪ್ಪದೆ ಬರುತ್ತದೆ: ‘ಇಂಥವನ ಪರ ವಕಾಲತ್ತು ಹಾಕಿದ ವಕೀಲನ ಸನ್ನದು ಕಿತ್ತುಕೊಳ್ಳಿ.’ ಸನ್ನದು ಎಂದರೆ ವಕೀಲಿಕೆ ಮಾಡುವ ಪರವಾನಗಿ. ಬರೆದವರ ಸಿಟ್ಟು ಅರ್ಥವಾಗುತ್ತದೆ. ಆದರೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಸನ್ನದು ಕಿತ್ತುಕೊಳ್ಳಬೇಕಾದಂಥ ಕೆಲಸ ಮಾಡುವ ವಕೀಲರು ಇದ್ದಾರೆ. ಅವರ ಮೇಲೆ ದೂರು ಕೊಡಲು ಕಾನೂನಿನಲ್ಲಿ ದಾರಿಯೂ ಇದೆ. ಆ ದಾರಿ ಹಿಡಿದವರಲ್ಲಿ ಹಲವರು ಅರ್ಜಿಯ ಮೊದಲ ಪುಟದಲ್ಲೇ ಎಡವುತ್ತಾರೆ. ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಆರೋಪಿಗಳ ಪರವಾಗಿಯೂ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ಶಿಸ್ತು ಸಮಿತಿಯ ಮುಂದೆಯೂ ಕೆಲಸ ಮಾಡುವ ನಾವು ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ವಿಷಯವೂ ಅಷ್ಟೇ ಗೋಜಲಾಗಿದೆ.

ಮೊದಲು, ಯಾವುದು ದುರ್ನಡತೆಯಲ್ಲ ಎಂಬುದು. 1961ರ ವಕೀಲರ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ರೂಪಿಸಿದ ನಿಯಮಗಳ ಆರನೇ ಭಾಗದ ಎರಡನೇ ಅಧ್ಯಾಯದಲ್ಲಿ ವಕೀಲರು ಹೇಗೆ ನಡೆದುಕೊಳ್ಳಬೇಕು ಎಂಬುದಿದೆ. ತಾನು ವಾದಿಸುವ ನ್ಯಾಯಾಲಯದಲ್ಲಿ ತನ್ನ ಅನುಭವಕ್ಕೆ ತಕ್ಕ ಶುಲ್ಕ ಕೊಡಲು ಸಿದ್ಧನಿರುವವನ ಪ್ರಕರಣವನ್ನು ವಕೀಲ ತೆಗೆದುಕೊಳ್ಳಲೇಬೇಕು ಎನ್ನುತ್ತದೆ 11ನೇ ನಿಯಮ. ವಿಶೇಷ ಕಾರಣವಿದ್ದರೆ ಮಾತ್ರ ಬಿಡಬಹುದು. 15ನೇ ನಿಯಮ ಇನ್ನೂ ನೇರ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬ ಬಗ್ಗೆ ತನ್ನ ಸ್ವಂತ ಅಭಿಪ್ರಾಯ ಏನೇ ಇರಲಿ, ವಕೀಲ ಅವನ ಪರ ವಾದಿಸಬೇಕು. ಸಾಕಷ್ಟು ಸಾಕ್ಷ್ಯವಿಲ್ಲದೆ ಯಾರಿಗೂ ಶಿಕ್ಷೆಯಾಗಬಾರದು ಎನ್ನುವ ಕಾನೂನಿಗೆ ಅವನ ನಿಷ್ಠೆ. ಬಂಧಿತನಿಗೆ ತನ್ನ ಆಯ್ಕೆಯ ವಕೀಲನನ್ನು ಕಂಡು ಮಾತಾಡುವ, ಅವನ ಮೂಲಕ ವಾದಿಸುವ ಹಕ್ಕನ್ನು ಸಂವಿಧಾನದ 22(1)ನೇ ವಿಧಿಯೇ ಕೊಟ್ಟಿದೆ. ಹಾಗಾಗಿ ‘ಇಂಥವನ ಪರ ನಿಂತ’ ಎಂಬುದಷ್ಟೇ ದೂರಾದರೆ ಅದು ನಿಯಮ ಪಾಲಿಸಿದ್ದಕ್ಕೆ ಕೊಟ್ಟ ದೂರು.

ವಕೀಲರ ಸಂಘಗಳೇ ಇದನ್ನು ಮರೆಯುವುದುಂಟು. ಕೊಯಮತ್ತೂರಿನಲ್ಲಿ ವಕೀಲರು ಮತ್ತು ಪೊಲೀಸರ ಜಟಾಪಟಿಯ ನಂತರ, ಆರೋಪಿಗಳಾದ ಪೊಲೀಸರ ಪರ ಯಾರೂ ವಾದಿಸಬಾರದು ಎಂದು ಅಲ್ಲಿನ ಸಂಘ ನಿರ್ಣಯ ಮಾಡಿತ್ತು. ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಡಿಸೆಂಬರ್‌ನಲ್ಲಿ ಇಂಥ ನಿರ್ಣಯಗಳೆಲ್ಲ ಅಸಿಂಧು ಎಂದಿತು. ಅದಾಗಿ ಹತ್ತು ವರ್ಷಕ್ಕೆ, 2020ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲೇ ಅಂಥದ್ದೊಂದು ನಿರ್ಣಯ ಹೊರಬಿತ್ತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಜಾಮೀನು ಅರ್ಜಿ ಹಾಕಲು ಬೇರೆ ಊರಿಂದ ಹೋಗುವ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿ ಎಂದು ನ್ಯಾಯಾಲಯ ಹೇಳಬೇಕಾಗಿ ಬಂತು. ನಿಯಮ ಮುರಿದವರು ಇಲ್ಲಿ ಯಾರು ಎಂಬುದನ್ನು ಓದುಗರೇ ತೀರ್ಮಾನಿಸಲಿ.

‘ಕಕ್ಷಿದಾರನೇ ಒಪ್ಪಿಕೊಂಡ ಮೇಲೂ ವಾದಿಸುತ್ತೀರಾ?’ ಎಂಬ ಪ್ರಶ್ನೆಗೂ ಉತ್ತರ ಇದೆ. ವಾದಿಸಬಹುದು, ಆದರೆ ಗೆರೆ ಇದೆ. ಪೊಲೀಸರ ಸಾಕ್ಷ್ಯ ಗಟ್ಟಿಯೇ, ಮಹಜರು ನಿಯಮದಂತೆ ನಡೆದಿದೆಯೇ, ಸಾಕ್ಷಿ ನಿಜಕ್ಕೂ ನೋಡಿದನೇ ಎಂದು ಒರೆಹಚ್ಚುವುದು ಗೆರೆಯ ಈಚೆ. ಸುಳ್ಳು ಸಾಕ್ಷಿಯನ್ನು ಕಟಕಟೆಗೆ ತರುವುದು, ‘ಅವತ್ತು ಊರಲ್ಲೇ ಇರಲಿಲ್ಲ’ ಎನ್ನಲು ದಾಖಲೆ ಹುಟ್ಟಿಸುವುದು ಗೆರೆಯ ಆಚೆ. ಕಕ್ಷಿದಾರ ಹೇಳಿದ ಗುಟ್ಟನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆ ಹಾಕುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 126ನೇ ಕಲಮಿನಲ್ಲಿದ್ದ ಈ ರಕ್ಷಣೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಕಾನೂನುಬಾಹಿರ ಉದ್ದೇಶ ಸಾಧಿಸಲು ನಡೆದ ಮಾತುಕತೆಗೂ, ವಕಾಲತ್ತು ಶುರುವಾದ ನಂತರ ನಡೆದು ವಕೀಲನ ಕಣ್ಣಿಗೆ ಬಿದ್ದ ಅಪರಾಧ ಅಥವಾ ವಂಚನೆಗೂ ರಕ್ಷಣೆ ಇಲ್ಲ. ತನಿಖಾಧಿಕಾರಿಗಳು ವಕೀಲರನ್ನೇ ಠಾಣೆಗೆ ಕರೆಸಿ ‘ನಿನ್ನ ಕಕ್ಷಿದಾರ ಏನು ಹೇಳಿದ’ ಎಂದು ಕೇಳುವ ಚಾಳಿಗೆ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ಕಡಿವಾಣ ಹಾಕಿತು. ಆ ವಿನಾಯಿತಿಗಳ ಅಡಿ ಬಂದರೆ ಮಾತ್ರ ಸಮನ್ಸ್. ಅದಕ್ಕೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಮೇಲಧಿಕಾರಿಯ ಲಿಖಿತ ಒಪ್ಪಿಗೆ ಬೇಕು.

ಇನ್ನು ಆರೋಪಿ ಪರ ವಕೀಲನ ದಿನನಿತ್ಯದ ಕೆಲಸ. ಸಿನಿಮಾದಲ್ಲಿ ಕಾಣುವ ಅಬ್ಬರ ಇದರಲ್ಲಿಲ್ಲ, ಇರುವುದು ಕಾಗದದ ಕೆಲಸ. ಒಂದೇ ಒಂದು ಉದಾಹರಣೆ ಬಿಡಿಸಿ ನೋಡಿ. ಸಾಕ್ಷಿ ನ್ಯಾಯಾಲಯದಲ್ಲಿ ‘ಆರೋಪಿ ಮಚ್ಚಿನಿಂದ ಹೊಡೆದದ್ದನ್ನು ಕಣ್ಣಾರೆ ಕಂಡೆ’ ಎನ್ನುತ್ತಾನೆ. ತನಿಖೆಯ ವೇಳೆ ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಲ್ಲಿ ‘ಕೂಗು ಕೇಳಿ ಓಡಿ ಬಂದಾಗ ಆರೋಪಿ ಓಡಿಹೋಗುತ್ತಿದ್ದ’ ಎಂದಷ್ಟೇ ಇದೆ. ಆ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಇರಲೂಬಾರದು. ಆರೋಪಿ ಪರ ವಕೀಲ ಅದನ್ನು ಸಾಕ್ಷಿಯ ಮಾತಿನಲ್ಲಿರುವ ವಿರೋಧ ತೋರಿಸಲು ಮಾತ್ರ ಬಳಸಬಹುದು. ಪಾಟಿ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಾಗ, ಆ ನಿರ್ದಿಷ್ಟ ಸಾಲನ್ನು ಸಾಕ್ಷಿಗೆ ಓದಿ ಹೇಳಬೇಕು. ‘ಹೌದು, ಹಾಗೆ ಹೇಳಿದ್ದೆ’ ಎಂದರೆ ಅಲ್ಲಿಗೆ ರುಜುವಾತಾಯಿತು. ‘ಹಾಗೆ ಹೇಳೇ ಇಲ್ಲ’ ಎಂದರೆ ಆ ಸಾಲಿಗೆ ನಿಶಾನೆ ಡಿ-1 (ಆರೋಪಿ ಪಕ್ಷದ ಮೊದಲ ದಾಖಲೆ) ಎಂದು ಗುರುತು ಹಾಕಿಸಬೇಕು. ಅರ್ಧ ಕೆಲಸ ಇಲ್ಲಿಗೆ ಮುಗಿಯಿತು. ತಿಂಗಳುಗಳ ನಂತರ ಹೇಳಿಕೆ ಬರೆದುಕೊಂಡ ತನಿಖಾಧಿಕಾರಿ ಕಟಕಟೆಗೆ ಬಂದಾಗ ‘ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರೇ?’ ಎಂದು ಕೇಳಿ ಹೌದೆನ್ನಿಸಿಕೊಳ್ಳಬೇಕು. ಆ ಪ್ರಶ್ನೆ ಕೇಳದಿದ್ದರೆ ಡಿ-1 ಬರೀ ಗುರುತಾಗಿ ಉಳಿಯುತ್ತದೆ, ಸಾಕ್ಷ್ಯವಾಗುವುದಿಲ್ಲ. ವಿಚಾರಣೆ ವರ್ಷಗಟ್ಟಲೆ ಎಳೆದು, ನಡುವೆ ವಕೀಲರು ಬದಲಾಗಿ, ಮೊದಲ ವಕೀಲ ಹಾಕಿಸಿದ ಡಿ ಗುರುತುಗಳ ಪಟ್ಟಿ ಎರಡನೆಯವರ ಕೈಗೆ ಸಿಗದೆ ಹಾಳಾದ ಪ್ರಕರಣಗಳು ಕಡಿಮೆಯಲ್ಲ. ಪ್ರತಿ ಸಾಕ್ಷಿಗೂ ಒಂದು ಹಾಳೆ, ಅದರಲ್ಲಿ ‘ತನಿಖಾಧಿಕಾರಿಗೆ ಕೇಳಬೇಕಾದದ್ದು’ ಎಂಬ ಒಂದು ಅಂಕಣ ಇಟ್ಟುಕೊಳ್ಳಿ: ಕಿರಿಯ ವಕೀಲರಿಗೆ ನಮ್ಮ ಮೊದಲ ಬುದ್ಧಿಮಾತು ಇದು.

ಪಾಟಿ ಸವಾಲಿನಲ್ಲಿ ಹಾಕುವ ಸೂಚನೆಯೂ (ಉತ್ತರವನ್ನು ಒಳಗಿಟ್ಟೇ ಕೇಳುವ ಪ್ರಶ್ನೆ) ಕಕ್ಷಿದಾರನ ಕುತ್ತಿಗೆಗೆ ಬರಬಹುದು. ‘ನೀನೇ ಮೊದಲು ಹೊಡೆದೆ, ಅದಕ್ಕೇ ಅವನು ತಿರುಗಿ ಹೊಡೆದ ಅಲ್ಲವೇ?’ ಎಂದು ಸಾಕ್ಷಿಗೆ ಕೇಳಿದರೆ ಆರೋಪಿ ಸ್ಥಳದಲ್ಲಿದ್ದ ಎಂದು ಅವನ ವಕೀಲನೇ ಹೇಳಿದಂತಾಯಿತು. ಇಂಥ ಸೂಚನೆಗಳನ್ನು ಆರೋಪಿಯ ವಿರುದ್ಧ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಬಾಲು ಸುದಾಮ್ ಖಾಲ್ದೆ ಪ್ರಕರಣದಲ್ಲಿ ಹೇಳಿದೆ. ಆತ್ಮರಕ್ಷಣೆಯ ವಾದ ಹೂಡುವುದೋ, ಸ್ಥಳದಲ್ಲೇ ಇರಲಿಲ್ಲ ಎನ್ನುವುದೋ ಎಂಬುದು ಮೊದಲ ಸಾಕ್ಷಿಗೆ ಮುಂಚೆಯೇ ತೀರ್ಮಾನವಾಗಿರಬೇಕು. ಒಬ್ಬ ಸಾಕ್ಷಿಗೆ ಒಂದು, ಇನ್ನೊಬ್ಬನಿಗೆ ಇನ್ನೊಂದು ಎಂದು ಕೇಳುತ್ತ ಹೋದರೆ ಎರಡೂ ಕೈತಪ್ಪುತ್ತವೆ.

ಕಡ್ಡಾಯ ಜಾಮೀನಿನ ಲೆಕ್ಕದಲ್ಲಿ ಒಂದು ದಿನ ತಪ್ಪಿದರೂ ಕೆಲಸ ಕೆಟ್ಟಿತು. ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 187(3)ನೇ ಕಲಮಿನ ಪ್ರಕಾರ ಮರಣದಂಡನೆ, ಜೀವಾವಧಿ, ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಮೇಲಿನ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60 ದಿನದೊಳಗೆ ತನಿಖೆ ಮುಗಿಯದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗುತ್ತದೆ. ನ್ಯಾಯಾಲಯ ಆರೋಪಿಯನ್ನು ರಿಮಾಂಡ್‌ಗೆ, ಅಂದರೆ ಬಂಧನದಲ್ಲಿಡಲು, ಒಪ್ಪಿಸಿದ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ. ಮಾರ್ಚ್ 1ರಂದು ರಿಮಾಂಡ್ ಆದರೆ 60ನೇ ದಿನ ಏಪ್ರಿಲ್ 29. ಏಪ್ರಿಲ್ 30ರ ಬೆಳಿಗ್ಗೆ ಕಲಾಪ ಶುರುವಾಗುವ ಹೊತ್ತಿಗೆ ಅರ್ಜಿ ಕೈಯಲ್ಲಿರಬೇಕು. ಅರ್ಜಿ ಬಿದ್ದ ಮೇಲೆ ಮಧ್ಯಾಹ್ನ ಚಾರ್ಜ್‌ಶೀಟ್ ಬಂದರೂ ಹಕ್ಕು ಹೋಗದು. ರಿಮಾಂಡ್ ದಿನ ಬಿಟ್ಟು ಎಣಿಸಿ ಮೇ 1ಕ್ಕೆ ಹೋದವನಿಗೆ ಹಿಂದಿನ ಸಂಜೆಯೇ ಚಾರ್ಜ್‌ಶೀಟ್ ಬಂದಿದ್ದರೆ ಕೈಗೆ ಏನೂ ಸಿಗದು. ಬಂಧನದ ದಿನದಿಂದ ಎಣಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಎಣಿಕೆ ಶುರುವಾಗುವುದು ಮೊದಲ ರಿಮಾಂಡ್‌ನಿಂದ.

ಲೆಕ್ಕ ತಪ್ಪಿದ ವಕೀಲ ದುರ್ನಡತೆ ಎಸಗಿದನೇ? ಸಾಮಾನ್ಯವಾಗಿ ಇಲ್ಲ. ಬರೀ ಅಜಾಗ್ರತೆ ಅಥವಾ ತಿಳಿವಳಿಕೆಯ ದೋಷ ವೃತ್ತಿ ದುರ್ನಡತೆಯಲ್ಲ, ಅದರ ಜೊತೆ ನೈತಿಕ ಅಧಃಪತನ ಸೇರಿದಾಗ ಮಾತ್ರ ಆಗುತ್ತದೆ ಎಂಬುದು 1963ರಿಂದಲೂ ಸುಪ್ರೀಂ ಕೋರ್ಟ್‌ನ ನಿಲುವು. ಕಕ್ಷಿದಾರರಿಗೆ ಇದು ಕಹಿ. ಆದರೆ ಸೋತ ಪ್ರತಿ ಪ್ರಕರಣವೂ ಶಿಸ್ತು ಸಮಿತಿಗೆ ಹೋಗುವಂತಾದರೆ ಕಷ್ಟದ ಪ್ರಕರಣವನ್ನು ಯಾವ ವಕೀಲನೂ ಮುಟ್ಟುವುದಿಲ್ಲ.

ಬಡ ಆರೋಪಿಗೆ ನೇಮಿಸುವ ಉಚಿತ ವಕೀಲನ ವಿಷಯದಲ್ಲಿ ತಪ್ಪು ವ್ಯವಸ್ಥೆಯದ್ದೂ ಇರುತ್ತದೆ. 2019ರ ಡಿಸೆಂಬರ್‌ನ ಅನೋಖಿಲಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಯನ್ನೇ ಬದಿಗಿಟ್ಟು ಮರುವಿಚಾರಣೆಗೆ ಕಳಿಸಲು ಕಾರಣ ಇದೇ: ವಕೀಲರನ್ನು ನೇಮಿಸಿದ ದಿನವೇ ಆರೋಪ ಹೊರಿಸಲಾಗಿತ್ತು. ಜೀವಾವಧಿ ಅಥವಾ ಮರಣದಂಡನೆ ಬೀಳಬಹುದಾದ ಪ್ರಕರಣಗಳಿಗೆ ಕನಿಷ್ಠ ಹತ್ತು ವರ್ಷ ಅನುಭವ ಇರುವವರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಏಳು ದಿನಕ್ಕೆ ಕಡಿಮೆಯಿಲ್ಲದ ಸಮಯ ಕೊಡಬೇಕು ಎಂದು ಆ ತೀರ್ಪು ಹೇಳಿದೆ. ಬಂಧನದಲ್ಲಿರುವ ಯಾರೇ ಆದರೂ ಆದಾಯ ಎಷ್ಟಿದ್ದರೂ ಕಾನೂನು ನೆರವಿಗೆ ಅರ್ಹರು. 15100 ಸಂಖ್ಯೆಗೆ ಕರೆ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರ ಸಿಗುತ್ತದೆ.

ಹಾಗಾದರೆ ನಿಜವಾದ ದುರ್ನಡತೆ ಎಲ್ಲಿದೆ? ಕ್ರಿಮಿನಲ್ ವಕೀಲಿಕೆಯಲ್ಲಿ ಅದು ಹೆಚ್ಚಾಗಿ ವಾದದ ಹೊತ್ತಿನಲ್ಲಿ ನಡೆಯುವುದಿಲ್ಲ. ಹಣ, ಜಾಮೀನುದಾರ, ಸಾಕ್ಷಿ ಈ ಮೂರರ ಸುತ್ತ ಕಾರಿಡಾರಿನಲ್ಲಿ ನಡೆಯುತ್ತದೆ.

ಹಣದಲ್ಲಿ ಅತಿ ಕೆಟ್ಟದ್ದು ‘ಸಾಹೇಬರಿಗೆ ಕೊಡಬೇಕು’ ಎಂದು ನ್ಯಾಯಾಧೀಶರ ಹೆಸರಿನಲ್ಲಿ ಕೇಳುವ ದುಡ್ಡು. ಅದು ನ್ಯಾಯಾಧೀಶರನ್ನು ಮುಟ್ಟುತ್ತದೋ ಇಲ್ಲವೋ ಎಂಬುದು ಮುಖ್ಯವಲ್ಲ, ಕೇಳಿದ್ದೇ ಸಾಕು. ರಾಜಸ್ಥಾನದ ವಕೀಲರೊಬ್ಬರು ನ್ಯಾಯಾಧೀಶರಿಗೆ ಕೊಡಲು 10,000 ರೂಪಾಯಿ ಕಳಿಸಿ ಎಂದು ಕಕ್ಷಿದಾರನಿಗೆ ಪತ್ರವನ್ನೇ ಬರೆದಿದ್ದರು. ರಾಜ್ಯ ಪರಿಷತ್ತು ಎರಡು ವರ್ಷ ಅಮಾನತು ಮಾಡಿತು. ಭಾರತೀಯ ಪರಿಷತ್ತು ಮೇಲ್ಮನವಿಯಲ್ಲಿ ಶಾಶ್ವತವಾಗಿ ಹೊರಗಿಟ್ಟಿತು, ಆಮೇಲೆ ಮರುಪರಿಶೀಲನೆಯಲ್ಲಿ ಅದನ್ನು ಬರೀ ಛೀಮಾರಿಗೆ ಇಳಿಸಿತು! 2001ರಲ್ಲಿ ಸುಪ್ರೀಂ ಕೋರ್ಟ್ ಆ ಇಳಿಕೆಯನ್ನು ರದ್ದುಮಾಡಿ ಶಾಶ್ವತ ನಿಷೇಧವನ್ನು ಮರಳಿ ತಂದಿತು. ಒಂದೇ ಪತ್ರ, ಮೂರು ಬಗೆಯ ಶಿಕ್ಷೆ. ಶಿಸ್ತು ಸಮಿತಿಗಳ ಅಳತೆಗೋಲು ಎಷ್ಟು ಹಿಗ್ಗಿ ಕುಗ್ಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

‘ಜಾಮೀನು ಸಿಕ್ಕರೆ ಇಷ್ಟು, ಸಿಗದಿದ್ದರೆ ಇಷ್ಟು’ ಎಂಬ ಒಪ್ಪಂದವೂ ನಿಷಿದ್ಧ. ಫಲಿತಾಂಶಕ್ಕೆ ಕಟ್ಟಿಹಾಕಿದ ಶುಲ್ಕವನ್ನು 20ನೇ ನಿಯಮ ಒಪ್ಪುವುದಿಲ್ಲ. ಕಕ್ಷಿದಾರ ಕೊಟ್ಟ ಹಣದ ಲೆಕ್ಕ ಇಡಬೇಕು ಎನ್ನುತ್ತದೆ 25ನೇ ನಿಯಮ, ಅದು ಖರ್ಚಿಗೆ ಬಂದದ್ದೋ ಶುಲ್ಕಕ್ಕೋ ಎಂದು ಲೆಕ್ಕದಲ್ಲಿ ನಮೂದಿಸಬೇಕು ಎನ್ನುತ್ತದೆ 26ನೇ ನಿಯಮ. ಇದನ್ನು ಪಾಲಿಸುವವರು ವಿರಳ ಎಂದು ಹೇಳದೆ ವಿಧಿಯಿಲ್ಲ. ರಸೀದಿ ಕೊಡುವ ಅಭ್ಯಾಸವೇ ನಮ್ಮ ವೃತ್ತಿಯಲ್ಲಿ ಬೆಳೆದಿಲ್ಲ. ಬಾಕಿ ಶುಲ್ಕಕ್ಕಾಗಿ ಫೈಲು ಹಿಡಿದಿಟ್ಟುಕೊಳ್ಳುವುದನ್ನು ಹಲವರು ತಮ್ಮ ಹಕ್ಕೆಂದೇ ತಿಳಿದಿದ್ದಾರೆ. ಅಲ್ಲ. ಬಾಕಿ ವಸೂಲಿಗೆ ಬೇರೆ ದಾರಿ ಹಿಡಿಯಬೇಕು, ಫೈಲಿನ ಮೇಲೆ ವಕೀಲನಿಗೆ ಒತ್ತೆಯ ಹಕ್ಕಿಲ್ಲ ಎಂದು 2000ದ ಆರ್.ಡಿ. ಸಕ್ಸೇನಾ ತೀರ್ಪು ಇತ್ಯರ್ಥ ಮಾಡಿದೆ. ಹಳೆಯ ವಕೀಲ ಒಪ್ಪಿಗೆ ಕೊಡದಿದ್ದರೆ ಹೊಸ ವಕೀಲ ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಪಡೆದು ವಕಾಲತ್ತು ಹಾಕಬಹುದು.

ಜಾಮೀನುದಾರರ ದಂಧೆ ಇನ್ನೊಂದು. ವಕೀಲ ತನ್ನ ಕಕ್ಷಿದಾರನಿಗೆ ತಾನೇ ಶ್ಯೂರಿಟಿ ನಿಲ್ಲುವಂತಿಲ್ಲ. ‘ಈ ಶ್ಯೂರಿಟಿ ಗಟ್ಟಿ ಆಸಾಮಿ’ ಎಂದು ಪ್ರಮಾಣೀಕರಿಸುವಂತೆಯೂ ಇಲ್ಲ ಎನ್ನುತ್ತದೆ 10ನೇ ನಿಯಮ. ವಾಸ್ತವ ಬೇರೆ. ದುಡ್ಡಿಗೆ ಬಂದು ನಿಲ್ಲುವ ಶ್ಯೂರಿಟಿಗಳು, ತಿದ್ದಿದ ಪಹಣಿ, ಬೇರೆಯವರ ಆಧಾರ್ ಮೇಲೆ ಅಂಟಿಸಿದ ಫೋಟೊ. ಈವರೆಗೆ ಎಷ್ಟು ಜನಕ್ಕೆ ಜಾಮೀನು ನಿಂತಿದ್ದೇನೆ ಎಂದು ಶ್ಯೂರಿಟಿ ಘೋಷಿಸಬೇಕೆಂಬ ನಿಯಮವಿದ್ದರೂ ಅದನ್ನು ತಾಳೆ ನೋಡುವವರಿಲ್ಲ. ಸಿಕ್ಕಿಬಿದ್ದಾಗ ಆರೋಪಿಯ ಜಾಮೀನು ರದ್ದಾಗುತ್ತದೆ, ಅವನ ಮೇಲೆ ಇನ್ನೊಂದು ಎಫ್‌ಐಆರ್ ಬೀಳುತ್ತದೆ. ಕರೆತಂದವರು ಮಾತ್ರ ಕೈತೊಳೆದುಕೊಂಡಿರುತ್ತಾರೆ. ಕಕ್ಷಿದಾರರು ನೆನಪಿಡಬೇಕಾದದ್ದು ಇಷ್ಟೇ: ಶ್ಯೂರಿಟಿಯ ಮುಖಪರಿಚಯ ನಿಮಗೇ ಇರಲಿ.

ಸಾಕ್ಷಿಯ ವಿಷಯಕ್ಕೆ ದೆಹಲಿಯ ಬಿಎಂಡಬ್ಲ್ಯು ಪ್ರಕರಣಕ್ಕಿಂತ ದೊಡ್ಡ ಪಾಠ ಇಲ್ಲ. 1999ರ ಜನವರಿಯಲ್ಲಿ ಕಾರು ಹರಿದು ಆರು ಮಂದಿ ಸತ್ತಿದ್ದರು. ಆರೋಪಿ ಪರ ಹಿರಿಯ ವಕೀಲರು ಪ್ರಮುಖ ಸಾಕ್ಷಿಯೊಂದಿಗೆ ವ್ಯವಹಾರ ಕುದುರಿಸುತ್ತಿದ್ದದ್ದು 2007ರಲ್ಲಿ ಟಿ.ವಿ. ವಾಹಿನಿಯ ಗುಪ್ತ ಕ್ಯಾಮೆರಾದಲ್ಲಿ ಸೆರೆಯಾಯಿತು. ಸರ್ಕಾರಿ ಅಭಿಯೋಜಕರ ಹೆಸರೂ ಅದರಲ್ಲಿ ಬಂತು. ಹಿರಿಯ ವಕೀಲರು ನ್ಯಾಯಾಂಗ ನಿಂದನೆ ಎಸಗಿದ್ದಾರೆ ಎಂಬ ತೀರ್ಮಾನವನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಭಿಯೋಜಕರಿಗೂ ನಡತೆಯ ನಿಯಮ ಇದೆ ಎಂಬುದನ್ನು ನಮ್ಮಲ್ಲಿ ಮರೆಯುತ್ತೇವೆ. ಆರೋಪಿಯ ನಿರಪರಾಧಿತ್ವ ತೋರಿಸುವ ಸಾಮಗ್ರಿಯನ್ನು ಬಚ್ಚಿಡಬಾರದು ಎಂಬ 16ನೇ ನಿಯಮ ಇರುವುದು ಅವರಿಗಾಗಿಯೇ.

ಈಗ ದೂರಿನ ವಿಷಯ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿದೆ. ನ್ಯಾಯಾಲಯ ತನ್ನ ಮುಂದೆ ವಕೀಲ ಹಾಜರಾಗದಂತೆ ತಡೆಯಬಹುದು, ನಿಂದನೆಗೆ ಶಿಕ್ಷಿಸಬಹುದು. ಆದರೆ ಸನ್ನದನ್ನು ಮುಟ್ಟುವ ಅಧಿಕಾರ ಪರಿಷತ್ತಿಗೆ ಎಂದು 1998ರಲ್ಲೇ ತೀರ್ಮಾನವಾಗಿದೆ. ಆದ್ದರಿಂದ ವಕೀಲರ ಕಾಯ್ದೆಯ 35ನೇ ಕಲಮಿನಡಿ, ವಕೀಲನ ಹೆಸರು ಯಾವ ರಾಜ್ಯದ ಪಟ್ಟಿಯಲ್ಲಿದೆಯೋ ಆ ರಾಜ್ಯದ ಪರಿಷತ್ತಿಗೆ, ನಮ್ಮಲ್ಲಾದರೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬೇಕು. ಊರಿನ ವಕೀಲರ ಸಂಘಕ್ಕೆ ಕೊಟ್ಟ ಮನವಿ ದೂರಾಗುವುದಿಲ್ಲ. ವರ್ಷಗಟ್ಟಲೆ ಸಂಘದ ಅಧ್ಯಕ್ಷರ ಹಿಂದೆ ಅಲೆದು ಆಮೇಲೆ ಇದು ಗೊತ್ತಾದವರಿದ್ದಾರೆ.

ದೂರನ್ನು ಕನ್ನಡದಲ್ಲೇ ಬರೆಯಬಹುದು; ರಾಜ್ಯಭಾಷೆಯಲ್ಲಿ ಕೊಡಲು ನಿಯಮದಲ್ಲೇ ಅವಕಾಶವಿದೆ. ಅದು ಅರ್ಜಿಯ ರೂಪದಲ್ಲಿರಬೇಕು, ಸಹಿ ಇರಬೇಕು, ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಹೇಳಿದಂತೆ ಸತ್ಯಾಪನೆ ಇರಬೇಕು, ನಿಗದಿತ ಶುಲ್ಕ ಕಟ್ಟಿರಬೇಕು. ಸತ್ಯಾಪನೆ ಎಂದರೆ ಯಾವ ಪ್ಯಾರಾ ಸ್ವಂತ ಅರಿವಿನಿಂದ ಬರೆದದ್ದು, ಯಾವುದು ಬೇರೆಯವರಿಂದ ತಿಳಿದು ನಂಬಿದ್ದು ಎಂದು ಬೇರ್ಪಡಿಸಿ, ದಿನಾಂಕ ಮತ್ತು ಸ್ಥಳ ಹಾಕಿ ಸಹಿ ಮಾಡುವುದು. ಹೆಚ್ಚಿನ ದೂರುಗಳು ಮೊದಲು ತಡೆಯುವುದು ಇಲ್ಲೇ. ‘ವಕೀಲರು ಮೋಸ ಮಾಡಿದರು, ಎದುರಾಳಿ ಜೊತೆ ಸೇರಿಕೊಂಡರು’ ಎಂಬ ನಾಲ್ಕು ಪುಟದ ಗೋಳಿಗಿಂತ ಒಂದೂವರೆ ಪುಟದ ದಿನಾಂಕವಾರು ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ. ವಕಾಲತ್ತಿಗೆ ಸಹಿ ಹಾಕಿದ ದಿನ, ಪ್ರಕರಣದ ಸಂಖ್ಯೆ, ಪ್ರತಿ ಪ್ರಕರಣವನ್ನೂ ಗುರುತಿಸುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ, ಕೊಟ್ಟ ಪ್ರತಿ ಮೊತ್ತ ಮತ್ತು ಕೊಟ್ಟ ಬಗೆ, ವಕೀಲ ಗೈರಾದ ದಿನಾಂಕಗಳು, ಆ ದಿನದ ಆರ್ಡರ್ ಶೀಟಿನ ದೃಢೀಕೃತ ನಕಲು. ಸಿಎನ್‌ಆರ್ ಇದ್ದರೆ ಇ-ಕೋರ್ಟ್ಸ್ ತಾಣದಲ್ಲಿ ನೀವೇ ನೋಡಬಹುದು. ‘ಕೇಸು ಮುಂದಕ್ಕೆ ಹೋಗಿದೆ’ ಎಂದು ವಕೀಲ ಹೇಳಿದ ದಿನವೇ ವಾರಂಟ್ ಹೊರಟಿದ್ದರೆ ಅಲ್ಲೇ ಸಿಕ್ಕಿಬಿಡುತ್ತದೆ. ಯುಪಿಐ ವಿವರವನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗೇ ತೆಗೆಸಿ. ವಾಟ್ಸ್‌ಆ್ಯಪ್ ಸಂದೇಶಗಳ ಬರೀ ಸ್ಕ್ರೀನ್‌ಶಾಟ್ ಕೊಟ್ಟು ಫೋನ್ ಬದಲಾಯಿಸಿದವರ ಪಾಡು ಬೇಡ. ಮೂಲ ಫೋನ್ ಇಟ್ಟುಕೊಳ್ಳಿ, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಲಗತ್ತಿಸಿದರೆ ತಕರಾರು ಕಡಿಮೆ.

ಯಾರ ಮೇಲೆ ದೂರು ಎಂಬುದರಲ್ಲೂ ಎಚ್ಚರ ಬೇಕು. ಎದುರು ಪಕ್ಷದ ವಕೀಲ ಜೋರಾಗಿ ಪಾಟಿ ಸವಾಲು ಮಾಡಿದ ಎಂದು ದೂರಿದರೆ ನಿಲ್ಲುವುದಿಲ್ಲ. ದೂರುದಾರ ಮತ್ತು ವಕೀಲರ ನಡುವೆ ವೃತ್ತಿ ಸಂಬಂಧ ಇರುವುದು ಸಾಮಾನ್ಯವಾಗಿ ಅಗತ್ಯ, ಅಫಿಡವಿಟ್‌ಗೆ ಸಹಿ ಹಾಕಿದವನನ್ನು ಗುರುತಿಸಿದ ಮಾತ್ರಕ್ಕೆ ಅದರಲ್ಲಿರುವುದಕ್ಕೆಲ್ಲ ವಕೀಲ ಹೊಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದೆ.

ಇಲ್ಲಿ ಒಂದು ಅಪಾಯವಿದೆ, ಅದನ್ನು ಯಾರೂ ಮುಂಚೆ ಹೇಳುವುದಿಲ್ಲ. ವಿಚಾರಣೆ ನಡೆಯುತ್ತಿರುವಾಗಲೇ ತನ್ನ ವಕೀಲನ ಮೇಲೆ ದೂರು ಬರೆಯುವ ಆರೋಪಿ, ಸಿಟ್ಟಿನಲ್ಲಿ ‘ಚಾಕು ಎಲ್ಲಿಟ್ಟಿದ್ದೆ ಎಂದು ಇವರಿಗೆ ಮೊದಲೇ ಹೇಳಿದ್ದೆ’ ಎಂಬಂಥ ಸಾಲು ಬರೆದುಬಿಡುತ್ತಾನೆ. ವಕೀಲನ ಬಾಯಿಗೆ ಬೀಗ ಇರುವುದು ನಿಜ. ಕಕ್ಷಿದಾರ ತಾನೇ ಸಹಿ ಹಾಕಿ ಬರೆದುಕೊಟ್ಟದ್ದಕ್ಕೆ ಆ ಬೀಗ ಇಲ್ಲ. ಅದು ಅವನ ವಿರುದ್ಧವೇ ಓದಬಹುದಾದ ಕಾಗದ. ಮೊದಲು ವಕೀಲನನ್ನು ಬದಲಾಯಿಸಿ, ಹೊಸ ವಕೀಲರಿಗೆ ದೂರಿನ ಕರಡು ತೋರಿಸಿ, ಅಪರಾಧದ ಸಂಗತಿಗೆ ಒಂದೇ ಒಂದು ಸಾಲೂ ತಾಗದಂತೆ ಬರೆಯುವುದು ಕ್ಷೇಮ.

ದೂರು ಬಂದ ತಕ್ಷಣ ವಿಚಾರಣೆ ಶುರುವಾಗುವುದಿಲ್ಲ. ಮೇಲ್ನೋಟಕ್ಕೆ ಹುರುಳಿದೆಯೇ ಎಂದು ಪರಿಷತ್ತು ಮನಸ್ಸಿಟ್ಟು ನೋಡಿ ಆಮೇಲಷ್ಟೇ ಶಿಸ್ತು ಸಮಿತಿಗೆ ಒಪ್ಪಿಸಬೇಕು. ಸಮಿತಿಯಲ್ಲಿ ಮೂವರು, ಇಬ್ಬರು ಪರಿಷತ್ತಿನ ಸದಸ್ಯರು, ಒಬ್ಬರು ಹೊರಗಿನ ಅನುಭವಿ ವಕೀಲರು. ಸಮನ್ಸ್ ಕೊಡಲು, ದಾಖಲೆ ತರಿಸಲು, ಪ್ರಮಾಣ ಮಾಡಿಸಿ ವಿಚಾರಿಸಲು ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ದೂರು ವಜಾ, ಛೀಮಾರಿ, ಅಮಾನತು, ಪಟ್ಟಿಯಿಂದ ಹೆಸರು ತೆಗೆಯುವುದು: ಕೊಡಬಹುದಾದ ಆದೇಶಗಳು ಇವು. ಆದೇಶ ತಲುಪಿದ 60 ದಿನದೊಳಗೆ ಭಾರತೀಯ ಪರಿಷತ್ತಿಗೆ, ಅಲ್ಲಿಂದ ಮತ್ತೆ 60 ದಿನದೊಳಗೆ ಸುಪ್ರೀಂ ಕೋರ್ಟ್‌ಗೆ ಮೇಲ್ಮನವಿ. ನಡುವೆ ವಕೀಲ ದುಡ್ಡು ಹಿಂದಿರುಗಿಸಿ ‘ರಾಜಿಯಾಯಿತು’ ಎಂದು ಬರೆಸಿಕೊಂಡರೂ, ದೂರುದಾರ ಹಿಂದೆ ಸರಿದರೂ, ಅದೊಂದೇ ಕಾರಣಕ್ಕೆ ವಿಚಾರಣೆ ಕೈಬಿಡುವಂತಿಲ್ಲ. ಇದು ಎಷ್ಟೋ ಸಮಿತಿ ಸದಸ್ಯರಿಗೇ ಮರೆತಂತಿದೆ.

ನೋಟಿಸ್ ಬಂದ ವಕೀಲರು ಮಾಡುವ ತಪ್ಪು ಇನ್ನೂ ಸೋಜಿಗದ್ದು. ದಿನಬೆಳಗಾದರೆ ಬೇರೆಯವರಿಗೆ ‘ನೋಟಿಸ್ ಬಂದರೆ ಸುಮ್ಮನಿರಬೇಡಿ’ ಎನ್ನುವವರು ತಮ್ಮ ಹೆಸರಿನ ಲಕೋಟೆಯನ್ನು ಮೇಜಿನ ಡ್ರಾಯರಿಗೆ ಹಾಕಿ ಮರೆತುಬಿಡುತ್ತಾರೆ. ಏಕಪಕ್ಷೀಯ ಆದೇಶ ಬಂದಾಗ ಎಚ್ಚರಾಗುತ್ತದೆ. ಇಲ್ಲವೇ ‘ಎಲ್ಲವೂ ಸುಳ್ಳು’ ಎಂಬ ಒಂದು ಸಾಲಿನ ಉತ್ತರ. ಪ್ಯಾರಾವಾರು ಉತ್ತರ, ಡೈರಿಯ ಆ ದಿನಗಳ ಪುಟ, ಶುಲ್ಕದ ಲೆಕ್ಕ, ಕಕ್ಷಿದಾರನಿಗೆ ಕಳಿಸಿದ ಸಂದೇಶಗಳು ಇವಿಷ್ಟಿದ್ದರೆ ಅರ್ಧ ದೂರುಗಳು ಅಲ್ಲೇ ನಿಲ್ಲುತ್ತವೆ. ಶಿಸ್ತು ವಿಚಾರಣೆಯ ಸ್ವರೂಪವೇ ಕ್ರಿಮಿನಲ್ ವಿಚಾರಣೆಗೆ ಹತ್ತಿರ. ಒಬ್ಬನ ಅನ್ನ ಕಸಿಯುವ ಆರೋಪ ಗಟ್ಟಿ ಪುರಾವೆಯಿಂದ ಸಾಬೀತಾಗಬೇಕು, ಸಂಶಯವಿದ್ದರೆ ಅದರ ಲಾಭ ವಕೀಲನಿಗೆ. ಕ್ರಿಮಿನಲ್ ವಕೀಲರು ಈ ಕೆಲಸಕ್ಕೆ ಒಗ್ಗಿಕೊಳ್ಳುವುದಕ್ಕೆ ಕಾರಣ ಇದೇ. ಆರೋಪ ಏನು, ಯಾವ ನಿಯಮದ ಅಡಿ, ಪುರಾವೆ ಯಾರದು ಎಂದು ಕೇಳುವ ರೂಢಿ ಎರಡೂ ಕಡೆ ಒಂದೇ. ಈ ದಾರಿಗೆ ಬರಬೇಕೆನ್ನುವ ಕಿರಿಯರು ಮೊದಲ ಐದಾರು ವರ್ಷ ವಿಚಾರಣಾ ನ್ಯಾಯಾಲಯ ಬಿಟ್ಟು ಕದಲಬೇಡಿ. ರಿಮಾಂಡ್, ಜಾಮೀನು, ಮಹಜರು ಪಂಚರ ಪಾಟಿ ಸವಾಲು ಕಲಿಯದೆ ಶಿಸ್ತು ಸಮಿತಿಗೆ ಹೋದವರು ಅಲ್ಲಿ ಭಾಷಣ ಮಾಡಿ ಬರುತ್ತಾರೆ. ಜೈಲಿನ ಗೇಟು, ಠಾಣೆಯ ಕಟ್ಟೆಯಲ್ಲಿ ಕೇಸು ಹಿಡಿದು ತರುವ ಮಧ್ಯವರ್ತಿಗಳ ಸಹವಾಸವಂತೂ ಬೇಡ. ಮುಂಬಯಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಬಾಗಿಲಲ್ಲಿ ಕಕ್ಷಿದಾರರಿಗೆ ಮುಗಿಬೀಳುತ್ತಿದ್ದ ವಕೀಲರ ಪ್ರಕರಣವನ್ನು ಸುಪ್ರೀಂ ಕೋರ್ಟ್ 1975ರಲ್ಲೇ ಖಾರವಾಗಿ ಟೀಕಿಸಿತ್ತು. ಇಂದಿಗೂ ಆ ದೃಶ್ಯ ಹಳತಾಗಿಲ್ಲ.

ಕೊನೆಗೆ ಪರಿಷತ್ತಿನ ಪಾಲು. ದೂರು ಬಂದ ಒಂದು ವರ್ಷದೊಳಗೆ ರಾಜ್ಯ ಸಮಿತಿ ಅದನ್ನು ಮುಗಿಸಬೇಕು, ಇಲ್ಲದಿದ್ದರೆ ಪ್ರಕರಣ ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ ಎನ್ನುತ್ತದೆ ವಕೀಲರ ಕಾಯ್ದೆಯ 36-ಬಿ ಕಲಂ. ವರ್ಗವಾದವು ಅಲ್ಲಿಯೂ ಕೊಳೆಯುತ್ತಿದ್ದದ್ದನ್ನು ನೋಡಿ, ಅವನ್ನೂ ವರ್ಷದೊಳಗೆ ಮುಗಿಸಿ ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಕೆ. ಅಂಜಿನಪ್ಪ ಪ್ರಕರಣದಲ್ಲಿ ಹೇಳಬೇಕಾಯಿತು. ವರ್ಗಾವಣೆ ಎಂದರೆ ಬಳ್ಳಾರಿಯ ಅಥವಾ ಬೀದರಿನ ದೂರುದಾರ ದೆಹಲಿಯತ್ತ ಮುಖ ಮಾಡಬೇಕು. ಹಲವರು ಅಲ್ಲಿಗೇ ಕೈಚೆಲ್ಲುತ್ತಾರೆ. ತಡಮಾಡಿಯೇ ದೂರನ್ನು ಸಾಯಿಸಬಹುದು ಎಂಬುದು ಇಲ್ಲಿನ ಬಿರುಕು.

ರಾಜ್ಯ ಪರಿಷತ್ತು ಮಾಡಬಹುದಾದದ್ದು ಕಷ್ಟದ್ದೇನಲ್ಲ. ಅಮಾನತಾದ ಮತ್ತು ಪಟ್ಟಿಯಿಂದ ಹೊರಬಿದ್ದ ವಕೀಲರ ನೋಂದಣಿ ಸಂಖ್ಯೆ ಮತ್ತು ಅವಧಿಯನ್ನು ಕನ್ನಡದಲ್ಲಿ ಹುಡುಕಿ ನೋಡುವಂತೆ ತಾಣದಲ್ಲಿ ಹಾಕಲಿ. ಸತ್ಯಾಪನೆ ಸಮೇತ ಒಂದು ಮಾದರಿ ದೂರಿನ ನಮೂನೆಯನ್ನು ಪ್ರತಿ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಇಡಲಿ. ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟ್ ಪೀಠಗಳೇ ಇರುವಾಗ ಶಿಸ್ತು ಸಮಿತಿಯೂ ಅಲ್ಲಿಗೆ ಹೋಗಿ ಕೂರಲಿ. ದೂರು ದಾಖಲಾದ ಒಂಬತ್ತನೇ ತಿಂಗಳಿಗೆ, ಅದು ಯಾವ ಹಂತದಲ್ಲಿದೆ, ಇನ್ನು ಮೂರು ತಿಂಗಳಲ್ಲಿ ಏನಾಗಬೇಕು ಎಂದು ದೂರುದಾರನಿಗೂ ವಕೀಲನಿಗೂ ಲಿಖಿತವಾಗಿ ತಿಳಿಸಲಿ.

ಇತಿ,
ಕ್ರಿಮಿನಲ್ ಮತ್ತು ಶಿಸ್ತು ಪ್ರಕರಣಗಳಲ್ಲಿ ವಾದಿಸುವ ಕೆಲವು ವಕೀಲರು